ತರಗತಿಯೊಳಗೆ ಪಾಲಕರಿಗೂ ಒಂದು ಜಾಗ ಕೊಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಗಳ ಮುಖ್ಯಗುರುಗಳಿಗೆ, ಶಿಕ್ಷಕ-ಶಿಕ್ಷಕಿಯರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,



ನಮ್ಮ ಕನ್ನಡ ಸಾಲಿಗಳ ಕಡೆಗೆ ಪಾಲಕರು ಮುಖ ಹಾಕುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಜೂನ್‌ನಲ್ಲಿ ಹೆಸರು ಹಚ್ಚಲು ಬರುತ್ತಾರೆ. ವಿದ್ಯಾರ್ಥಿವೇತನದ ಸಲುವಾಗಿ ಆಧಾರ್ ಕಾರ್ಡು, ಪಾಸ್‌ಬುಕ್ಕು, ಜಾತಿ-ಆದಾಯ ಪ್ರಮಾಣಪತ್ರ ಹಿಡಿದುಕೊಂಡು ಬರುತ್ತಾರೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಧ್ವಜದ ಕಟ್ಟೆಯ ಮುಂದೆ ನಿಲ್ಲುತ್ತಾರೆ. ಸ್ನೇಹ ಸಮ್ಮೇಳನದ ದಿನ ಮಕ್ಕಳ ಕುಣಿತ ನೋಡಲು ಓಣಿಗೆ ಓಣಿಯೇ ಬಂದು ಕೂರುತ್ತದೆ. ಮಗು ಬಿದ್ದು ಪೆಟ್ಟಾಯಿತೆಂದರೆ ಹೊಲದಿಂದ ಓಡಿ ಬರುತ್ತಾರೆ. ಬಿಸಿಯೂಟದ ರುಚಿ ನೋಡಲು ಅಡುಗೆ ಕೋಣೆಯ ಬಾಗಿಲು ತಾಯಂದಿರಿಗೆ ತೆರೆದಿದೆ. ಅಲ್ಲಿ ಬೇಯಿಸುವವರೂ ಅದೇ ಊರಿನ ಹೆಣ್ಣುಮಕ್ಕಳು. ಆಫೀಸು ಕೋಣೆ, ಮೈದಾನ, ಅಡುಗೆ ಕೋಣೆ ಎಲ್ಲ ಕಡೆಯೂ ಪಾಲಕರಿಗೆ ಪ್ರವೇಶವಿದೆ. ಇಲ್ಲದ್ದು ಪಾಠ ನಡೆಯುತ್ತಿರುವ ತರಗತಿಗೆ ಮಾತ್ರ. ಮಗು ಯಾವ ಕೆಲಸಕ್ಕಾಗಿ ಸಾಲಿಗೆ ಬರುತ್ತದೋ ಆ ಕೆಲಸವನ್ನು, ಅದು ನಡೆಯುವ ಹೊತ್ತಿನಲ್ಲಿ, ಅದು ನಡೆಯುವ ಕೋಣೆಯಲ್ಲಿ ಕುಳಿತು ನೋಡಿದ ತಂದೆತಾಯಿ ತೀರ ವಿರಳ. ಹೀಗಾಗಿ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ವಿಷಯ. ಒಂದರಿಂದ ಐದನೇ ತರಗತಿಯವರೆಗಿನ ಪ್ರತಿ ಮಗುವಿನ ಮನೆಯಿಂದ ಒಬ್ಬರು, ಒಂದು ಅರ್ಧವರ್ಷಕ್ಕೆ ಒಮ್ಮೆಯಾದರೂ, ಒಂದು ಪಾಠದ ಅವಧಿ ತರಗತಿಯೊಳಗೆ ಕುಳಿತು ನೋಡುವ ಏರ್ಪಾಡು ಮಾಡಿ. ಇದನ್ನು ಇನ್ನೊಂದು ಕಾರ್ಯಕ್ರಮವೆಂದು ಎಣಿಸಬೇಡಿ. ಪಾಲಕರಿಗೂ ಸಾಲಿಗೂ ನಡುವೆ ಬೆಳೆದಿರುವ ಅಪನಂಬಿಕೆಯ ಮುಖ್ಯ ಕಾರಣ ಈ ಮುಚ್ಚಿದ ಬಾಗಿಲೇ ಎಂಬುದು ನನ್ನ ವಾದ. ಯಾಕೆ ಎನ್ನುವುದನ್ನು ವಿವರಿಸುತ್ತೇನೆ.

ಕಾನೂನು ಏನು ಹೇಳುತ್ತದೆ ಎಂಬುದರಿಂದಲೇ ಶುರು ಮಾಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಸಮಿತಿಯ ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕ ಈ ಕಾಯ್ದೆಗೂ ಮುಂಚೆ, 2001ರಲ್ಲೇ, ಊರಿಗೊಂದು ಶಿಕ್ಷಣ ಸಮಿತಿ ಎಂಬ ಹಳೆಯ ಪದ್ಧತಿ ಬಿಟ್ಟು ಶಾಲೆಗೊಂದು ಎಸ್‌ಡಿಎಂಸಿ ರಚಿಸಿತು. ಆ ವಿಷಯದಲ್ಲಿ ನಮ್ಮ ರಾಜ್ಯ ದೇಶಕ್ಕಿಂತ ಮುಂದಿತ್ತು. ಕಾಯ್ದೆ ಸಮಿತಿಗೆ ಕೊಟ್ಟ ಮೊದಲ ಕೆಲಸ ಶಾಲೆಯ ಕಾರ್ಯನಿರ್ವಹಣೆಯ ಮೇಲೆ ನಿಗಾ ಇಡುವುದು. ಅಭಿವೃದ್ಧಿ ಯೋಜನೆ, ಅನುದಾನದ ಲೆಕ್ಕ ಎಲ್ಲ ಆಮೇಲೆ ಬರುತ್ತವೆ. ಆದರೆ ಸಭೆಯ ಠರಾವು ಪುಸ್ತಕ ತೆಗೆದು ನೋಡಿ. ಕಂಪೌಂಡು, ಶೌಚಾಲಯ, ಸೋರುವ ಮೇಲ್ಛಾವಣಿ, ಶೂ-ಸಾಕ್ಸು, ಸಿಲಿಂಡರು, ನೀರಿನ ಟಾಕಿ. ಇವೆಲ್ಲ ಬೇಕೇ ಬೇಕು, ಇವುಗಳಿಗಾಗಿ ದುಡಿದ ಸದಸ್ಯರ ಶ್ರಮ ಸಣ್ಣದಲ್ಲ. ಆದರೂ ಶಾಲೆಯ ಕಾರ್ಯ ಎಂದರೆ ಮೊದಲಿಗೆ ಕಲಿಕೆ, ಮತ್ತು ಕಲಿಕೆಯ ಬಗ್ಗೆ ಬರೆದ ಠರಾವು ಹುಡುಕಿದರೂ ಸಿಗುವುದು ಕಷ್ಟ. ಸದಸ್ಯರಿಗೆ ಆಸಕ್ತಿಯಿಲ್ಲ ಎಂದು ಇದರ ಅರ್ಥವಲ್ಲ. ಕಣ್ಣಿಂದ ನೋಡದ ವಿಷಯದ ಬಗ್ಗೆ ಯಾರಾದರೂ ಏನೆಂದು ಮಾತಾಡಿಯಾರು? ಗೋಡೆಯ ಬಿರುಕು ಕಾಣುತ್ತದೆ, ಅದರ ಬಗ್ಗೆ ಠರಾವಾಗುತ್ತದೆ. ನಾಲ್ಕನೇ ತರಗತಿಯ ಮಗುವಿಗೆ ಕಳೆಯುವ ಲೆಕ್ಕ ಎಲ್ಲಿ ತೊಡಕಾಗಿದೆ ಎಂಬುದು ಕಾಣುವುದಿಲ್ಲ, ಅದರ ಬಗ್ಗೆ ಠರಾವಾಗುವುದಿಲ್ಲ.

ಅದೇ ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪಾಲಕರೊಂದಿಗೆ ಕ್ರಮವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತಿರುವ ಪ್ರಗತಿಯನ್ನು ತಿಳಿಸಬೇಕು ಎನ್ನುತ್ತದೆ. ನೀವು ಅದನ್ನು ಮಾಡುತ್ತಿದ್ದೀರಿ. ಪಾಲಕರ ಸಭೆಗಳಿವೆ, ‘ಸಮುದಾಯದತ್ತ ಶಾಲೆ’ ನಡೆದಿದೆ, ಪ್ರಗತಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೀರಿ. ಆದರೆ ತಿಳಿಸುವುದು ಬೇರೆ, ಕಾಣುವುದು ಬೇರೆ. ‘ನಿಮ್ಮ ಮಗ ಓದುವುದರಲ್ಲಿ ಹಿಂದಿದ್ದಾನೆ, ಮನೆಯಲ್ಲಿ ಸ್ವಲ್ಪ ಗಮನ ಕೊಡಿ’ ಎಂದು ಸಭೆಯಲ್ಲಿ ಹೇಳಿದಾಗ ತಂದೆ ತಲೆಯಾಡಿಸುತ್ತಾನೆ, ಹೋಗುತ್ತಾನೆ. ಗಮನ ಕೊಡುವುದೆಂದರೆ ಏನು ಮಾಡುವುದು ಎಂದು ಅವನಿಗೆ ಗೊತ್ತಿಲ್ಲ, ಕೇಳಲು ಸಂಕೋಚ. ಮನೆಗೆ ಹೋಗಿ ‘ಓದು, ಓದು’ ಎಂದು ಗದರಿಸುತ್ತಾನೆ. ಅಲ್ಲಿಗೆ ಸಭೆಯ ಫಲ ಮುಗಿಯಿತು.

ಬರೀ ತಿಳಿಸುವುದರಿಂದ ಎಷ್ಟು ಆಗುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ‘ಪ್ರಥಮ್’ ಸಂಸ್ಥೆಯ ಕೆಲಸವನ್ನು ಆಧರಿಸಿ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಲ್ಲಿನ ಬಹುಪಾಲು ಪಾಲಕರಿಗೆ ಊರಿನ ಶಿಕ್ಷಣ ಸಮಿತಿ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಸಮಿತಿಯ ಅಧಿಕಾರಗಳನ್ನು ವಿವರಿಸಿದರು. ಇನ್ನು ಕೆಲವು ಕಡೆ ಊರಿನವರೇ ಮಕ್ಕಳ ಓದನ್ನು ಪರೀಕ್ಷಿಸಿ ಊರಿನ ಪಟ್ಟಿ ತಯಾರಿಸುವುದನ್ನೂ ಕಲಿಸಿದರು. ಎರಡರಿಂದಲೂ ಸರ್ಕಾರಿ ಶಾಲೆಯೊಳಗೆ ಏನೂ ಬದಲಾಗಲಿಲ್ಲ. ಪಾಲಕರ ಭಾಗವಹಿಸುವಿಕೆಯೂ ಏರಲಿಲ್ಲ. ಮೂರನೆಯ ಗುಂಪಿನ ಹಳ್ಳಿಗಳಲ್ಲಿ ಇವುಗಳ ಜೊತೆಗೆ ಊರಿನ ಯುವಕ-ಯುವತಿಯರಿಗೆ ಓದು ಕಲಿಸುವ ಸರಳ ವಿಧಾನ ತೋರಿಸಿಕೊಟ್ಟರು. ಅಲ್ಲಿ ಮಾತ್ರ ಓದುವ ಶಿಬಿರಗಳು ನಡೆದವು, ಹೋದ ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಈ ಅಧ್ಯಯನ ತರಗತಿ ಭೇಟಿಯ ಬಗ್ಗೆ ಅಲ್ಲ, ಅದನ್ನು ನನ್ನ ವಾದಕ್ಕೆ ಬೇಕಾದಂತೆ ಎಳೆಯುವುದು ಸರಿಯಲ್ಲ. ಆದರೆ ಅದರಿಂದ ಒಂದು ಮಾತು ಸ್ಪಷ್ಟ. ಜನರಿಗೆ ಹಕ್ಕು, ಅಧಿಕಾರ, ಅಂಕಿಸಂಖ್ಯೆ ಹೇಳಿ ಕಳಿಸಿದರೆ ಅವರು ಎದ್ದು ಹೋಗುತ್ತಾರೆ. ಕಲಿಸುವ ಕೆಲಸ ಹೇಗೆ ನಡೆಯುತ್ತದೆಂದು ತೋರಿಸಿ, ಅದರಲ್ಲಿ ತಮ್ಮ ಕೈಲಾಗುವ ಭಾಗ ಯಾವುದೆಂದು ಗೊತ್ತಾದರೆ ಮಾತ್ರ ಮುಂದೆ ಬರುತ್ತಾರೆ.

ತೋರಿಸುವ ಅಗತ್ಯ ನಮ್ಮಲ್ಲಿ ಬೇರೆ ಕಡೆಗಿಂತ ಹೆಚ್ಚು. ಕಾರಣ, ಇಂದಿನ ಒಂದನೇ ತರಗತಿ ಪಾಲಕರು ಓದಿದ ಒಂದನೇ ತರಗತಿಯಂತಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಸಾಲಾಗಿ ಕೂತು ಅಕ್ಷರ ಒದರುವ ಪದ್ಧತಿ ಹೋಗಿ ಮಕ್ಕಳು ಗುಂಪುಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಗುರುಗಳ ಪೂರ್ಣ ಬೆಂಬಲ, ಇನ್ನೊಂದಕ್ಕೆ ಅರ್ಧ, ಮತ್ತೊಂದು ಗುಂಪಿನಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುತ್ತಾರೆ, ಕೊನೆಯ ಗುಂಪು ತಾನೇ ಕಲಿಯುತ್ತದೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಕಾರ್ಡು ತಾನೇ ತೆಗೆದುಕೊಂಡು ಹೋಗುತ್ತದೆ. ಮೇಲೆ ಚಪ್ಪರದಲ್ಲಿ ಮಕ್ಕಳ ಚಿತ್ರ, ಬರಹ ತೂಗುತ್ತಿರುತ್ತವೆ. ಕೆಳಗೆ ಗೋಡೆಗುಂಟ ಒಂದೊಂದು ಮಗುವಿಗೆ ಒಂದೊಂದು ಕಪ್ಪು ಹಲಗೆ. ಅಕ್ಷರಗಳನ್ನೂ ಅ ಆ ಇ ಈ ಎಂಬ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ, ಯಾಕೆಂದರೆ ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ, ದಸರ ಎಂದು ಅರ್ಥವುಳ್ಳ ಶಬ್ದಗಳನ್ನು ಮಗು ಮೊದಲ ತಿಂಗಳುಗಳಲ್ಲೇ ಓದಬಹುದು.

ಇದು ಗೊತ್ತಿಲ್ಲದ ತಂದೆಯ ಸ್ಥಾನದಲ್ಲಿ ನಿಂತು ಯೋಚಿಸಿ. ಸಂಜೆ ಮಗಳನ್ನು ಕೂರಿಸಿಕೊಂಡು ‘ಅ ಆ ಇ ಈ ಹೇಳವಾ’ ಎನ್ನುತ್ತಾನೆ. ಮಗು ತಡವರಿಸುತ್ತದೆ. ‘ಎರಡರ ಮಗ್ಗಿ ಹೇಳು’ ಎನ್ನುತ್ತಾನೆ. ಅದೂ ಬರುವುದಿಲ್ಲ. ಆಗಸ್ಟ್ ಮುಗಿದರೂ ಸಾಲಿಯಲ್ಲಿ ಏನೂ ಕಲಿಸಿಲ್ಲ, ಬರೀ ಆಡಿಸಿ ಕಳಿಸುತ್ತಾರೆ ಎಂದು ಅವನು ತೀರ್ಮಾನಿಸಿದರೆ ಅದರಲ್ಲಿ ಅವನ ತಪ್ಪೇನಿಲ್ಲ. ಅದೇ ಮಗು ಗರಗಸ ಎಂಬ ನಾಲ್ಕಕ್ಷರದ ಪದವನ್ನು ಕಾರ್ಡಿನ ಮೇಲೆ ಕಂಡೊಡನೆ ಓದುತ್ತದೆ ಎಂಬುದು ಅವನಿಗೆ ತಿಳಿಯುವ ದಾರಿಯೇ ಇಲ್ಲ. ಆ ಕಾರ್ಡು ಮನೆಗೆ ಬರುವುದಿಲ್ಲ. ನಲಿ-ಕಲಿಗೆ ಅದರದೇ ಆದ ಕೊರತೆಗಳಿವೆ, ಅದನ್ನು ನಿಮ್ಮಲ್ಲೇ ಅನೇಕರು ಹೇಳುತ್ತೀರಿ, ಆ ಚರ್ಚೆ ಇಲ್ಲಿ ಬೇಡ. ಆದರೆ ಒಂದು ಪದ್ಧತಿಯನ್ನು ಬುಡಸಮೇತ ಬದಲಿಸಿ, ಆ ಬದಲಾವಣೆಯನ್ನು ಕಾಣುವ ಅವಕಾಶವನ್ನು ಮಗುವಿನ ಮನೆಯವರಿಗೆ ಕೊಡದೇ ಹೋದದ್ದು ದೊಡ್ಡ ಲೋಪ. ಅರ್ಧ ತಾಸು ಆ ಕೋಣೆಯಲ್ಲಿ ಕುಳಿತರೆ ತಿಳಿಯುವ ವಿಷಯವನ್ನು ಸಭೆಯ ಭಾಷಣದಲ್ಲಿ ತಿಳಿಸಲು ಹೋಗಿದ್ದೇವೆ.

ಈ ಲೋಪದ ಬೆಲೆಯನ್ನು ನೀವು ಪ್ರತಿ ಜೂನ್‌ನಲ್ಲಿ ತೆರುತ್ತಿದ್ದೀರಿ. ಬೈಲಹೊಂಗಲದ, ರಾಮದುರ್ಗದ ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಹಳದಿ ಬಣ್ಣದ ಬಸ್ಸುಗಳು ಮಕ್ಕಳನ್ನು ತುಂಬಿಕೊಂಡು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುತ್ತವೆ. ಸಾಲ ಮಾಡಿ ಫೀ ತುಂಬುವ ಮನೆಗಳೂ ಅವುಗಳಲ್ಲಿವೆ. ಇಂಗ್ಲಿಷಿನ ಆಸೆ ಇದಕ್ಕೆ ದೊಡ್ಡ ಕಾರಣ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇನ್ನೊಂದು ಕಾರಣವೂ ಇದೆ. ಪಾಲಕರು ಕಣ್ಣಿಗೆ ಕಾಣುವುದನ್ನು ಹಿಡಿದು ಅಳೆಯುತ್ತಾರೆ. ಖಾಸಗಿ ಶಾಲೆಯ ಟೈ ಕಾಣುತ್ತದೆ, ಡೈರಿ ಕಾಣುತ್ತದೆ, ಪುಟ ತುಂಬ ಬರೆದ ಹೋಂವರ್ಕ್ ಕಾಣುತ್ತದೆ. ಡಿ.ಇಡಿ. ಮುಗಿಸಿ, ಟಿಇಟಿ ಪಾಸಾಗಿ, ಸಿಇಟಿ ಬರೆದು ಬಂದ ಸರ್ಕಾರಿ ಶಿಕ್ಷಕಿ ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಹಿಡಿದು ಕಲಿಸುವ ಪರಿ ಕಾಣುವುದಿಲ್ಲ. ನಿಮ್ಮ ಒಳ್ಳೆಯ ಕೆಲಸವೇ ಅತಿ ಹೆಚ್ಚು ಮರೆಯಲ್ಲಿದೆ.

ಒಮ್ಮೆ ಅದು ಮರೆಯಿಂದ ಹೊರಗೆ ಬಂದಿತ್ತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ದ ಅಡಿಯಲ್ಲಿ ನೀವು ಊರೊಳಗೇ ಹೋಗಿ ಕಲಿಸಿದಿರಿ. ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು, ಮನೆಯ ಪಡಸಾಲೆ ತರಗತಿಯಾದವು. ಸೋಂಕಿನ ಭಯದಿಂದ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಏರ್ಪಾಡು ನಿಂತಿತು. ಅದರಲ್ಲಿ ಶಿಕ್ಷಕರು ಪಟ್ಟ ಕಷ್ಟ, ಕಳೆದುಕೊಂಡ ಸಹೋದ್ಯೋಗಿಗಳನ್ನು ಮರೆಯುವಂತಿಲ್ಲ. ಆದರೆ ಆ ಕೆಲವು ವಾರ ಪಾಠ ಎಂಬುದು ಊರಿನ ಕಣ್ಣೆದುರಿಗೆ ನಡೆಯಿತು. ರೊಟ್ಟಿ ಬಡಿಯುತ್ತಿದ್ದ ತಾಯಿ, ಕಟ್ಟೆಯ ಮೇಲಿನ ಅಜ್ಜ ಎಲ್ಲರ ಎದುರಿಗೆ ನೀವು ಕಲಿಸಿದಿರಿ. ಪಾಲಕರು ನೋಡುತ್ತಿದ್ದರೆ ಕಲಿಸಲು ಬರುವುದಿಲ್ಲ ಎನ್ನುವ ಮಾತಿಗೆ ನಿಮ್ಮ ಆ ಕೆಲಸವೇ ಉತ್ತರ. ಶಾಲೆ ಮತ್ತೆ ತೆರೆದಾಗ ಕಟ್ಟಡದೊಂದಿಗೆ ಹಳೆಯ ಅಭ್ಯಾಸವೂ ಮರಳಿ ಬಂತು, ಬಾಗಿಲು ಮತ್ತೆ ಮುಚ್ಚಿತು.

ಪಾಲಕರನ್ನು ಪಾಠದ ಹೊತ್ತಿನಲ್ಲಿ ಕೂರಿಸಿಕೊಳ್ಳುವುದು ಎಲ್ಲೂ ಇಲ್ಲದ ಪದ್ಧತಿಯೇನಲ್ಲ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ‘ಜುಗ್ಯೋ ಸಂಕನ್’ ಎಂಬ ದಿನಗಳು ವರ್ಷದಲ್ಲಿ ಹಲವು ಬಾರಿ ಬರುತ್ತವೆ. ತಂದೆತಾಯಿ ಬಂದು ತರಗತಿಯ ಹಿಂಭಾಗದಲ್ಲಿ ನಿಂತು ಎಂದಿನ ಪಾಠವನ್ನು ನೋಡುತ್ತಾರೆ. ಮುಗಿದ ಮೇಲೆ ಅಲ್ಲೇ ಗುರುಗಳೊಂದಿಗೆ ಮಾತುಕತೆ ನಡೆಯುವುದೂ ಉಂಟು. ಅಲ್ಲಿ ಅದು ಮಳೆಗಾಲ ಬಂದಷ್ಟೇ ಸಹಜ. ಇಂಗ್ಲೆಂಡಿನಲ್ಲಿ 1967ರ ಪ್ಲೌಡನ್ ವರದಿ ಪ್ರಾಥಮಿಕ ಶಾಲೆಗಳನ್ನು ಪರಿಶೀಲಿಸಿ, ಮಗುವಿನ ಕಲಿಕೆಗೆ ಮನೆಯ ಹಣಕಾಸಿಗಿಂತ ಪಾಲಕರ ಮನೋಭಾವದ ನಂಟು ಹೆಚ್ಚು ಎಂದು ಕಂಡುಕೊಂಡಿತು. ಪಾಲಕರಿಗೆ ಅನುಕೂಲವಾಗುವ ಹೊತ್ತಿನಲ್ಲಿ ಶಾಲೆಯನ್ನು ಅವರಿಗೆ ತೆರೆದು ತೋರಿಸಬೇಕೆಂದು ಶಿಫಾರಸು ಮಾಡಿತು. ಅವೆಲ್ಲ ಓದು ಬಲ್ಲ, ಸಿರಿವಂತ ನಾಡುಗಳ ಮಾತಾಯಿತು ಎನ್ನಬಹುದು. ಹಾಗಾದರೆ ಬಿಹಾರದ ಪೂರ್ಣಿಯಾ ಮತ್ತು ರಾಜಸ್ಥಾನದ ಅಜ್ಮೇರ್‌ ಕಡೆಯ ಹಳ್ಳಿಗಳನ್ನು ನೋಡಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಹುಮಟ್ಟಿಗೆ ಓದು ಬಾರದ ತಾಯಂದಿರ ಮನೆಗೆ ವಾರಕ್ಕೊಮ್ಮೆ ಹೋಗಿ ಮಗು ಏನು ಕಲಿಯುತ್ತಿದೆ, ಅದನ್ನು ಹೇಗೆ ಗಮನಿಸಬೇಕು ಎಂದು ತೋರಿಸಿಕೊಟ್ಟರು. ತಾಯಂದಿರು ಮಗುವಿನ ಓದಿನಲ್ಲಿ ಹೆಚ್ಚು ಪಾಲ್ಗೊಂಡರು. ಮಕ್ಕಳ ಗಣಿತದಲ್ಲಿ ಸಣ್ಣದಾದರೂ ಅಳೆದು ತೋರಿಸಬಹುದಾದ ಏರಿಕೆ ಕಂಡಿತು. ಏರಿಕೆ ಸಣ್ಣದು ಎಂಬುದನ್ನು ಒತ್ತಿ ಹೇಳುತ್ತೇನೆ. ತರಗತಿ ಭೇಟಿಯಿಂದ ಪವಾಡ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಓದು ಬಾರದ ತಾಯಿ ತರಗತಿಯಲ್ಲಿ ಕುಳಿತು ಏನು ತಿಳಿದುಕೊಂಡಾಳು ಎಂಬ ಆಕ್ಷೇಪ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಸಾಕ್ಷರತೆ ಶೇ. 73.48, ಹೆಣ್ಣುಮಕ್ಕಳಲ್ಲಿ ಶೇ. 64.58. ಈಗಿನ ಒಂದನೇ ತರಗತಿ ಮಕ್ಕಳ ತಾಯಂದಿರಲ್ಲಿ ಓದಿದವರ ಪ್ರಮಾಣ ಇದಕ್ಕಿಂತ ಹೆಚ್ಚೇ ಇರುತ್ತದೆ, ಅವರ ಅತ್ತೆಯಂದಿರಲ್ಲಿ ಕಡಿಮೆ. ಆದರೆ ಓದು ಬಾರದವರಿಗೆ ಕಲಿಕೆ ಎಂದರೇನೆಂದು ತಿಳಿಯದು ಎಂಬುದು ತಪ್ಪು ಗ್ರಹಿಕೆ. ರಾಮದುರ್ಗ, ಸುರೇಬಾನದ ಮಗ್ಗದ ಮನೆಗಳಲ್ಲಿ ಮಕ್ಕಳಿಗೆ ನೇಯ್ಗೆಯ ಕೆಲಸ ಕಲಿಸಿದವರು ಯಾವ ಪ್ರಮಾಣಪತ್ರವನ್ನೂ ಪಡೆದವರಲ್ಲ. ಹುಡುಗನ ಕೈ ಎಲ್ಲಿ ತಡೆಯುತ್ತದೆ, ಯಾವಾಗ ಬಿಟ್ಟುಕೊಡಬೇಕು, ಯಾವಾಗ ಹಿಡಿದು ತೋರಿಸಬೇಕು ಎಂಬುದನ್ನು ನೋಡಿಯೇ ಬಲ್ಲರು. ತರಗತಿಯಲ್ಲಿಯೂ ಅವರು ಅದನ್ನೇ ನೋಡುತ್ತಾರೆ. ನನ್ನ ಮಗು ಬಾಯಿ ಬಿಡುತ್ತದೆಯೋ ಇಲ್ಲವೋ, ಗೊತ್ತಾಗದಿದ್ದರೆ ಕೇಳುತ್ತದೆಯೋ ಸುಮ್ಮನೆ ಕೂರುತ್ತದೆಯೋ, ಹಲಗೆಯ ಮೇಲಿನದು ಅದಕ್ಕೆ ಕಾಣುತ್ತದೆಯೋ ಕಣ್ಣು ಕಿರಿದು ಮಾಡುತ್ತದೆಯೋ, ಯಾರ ಪಕ್ಕ ಕೂರುತ್ತದೆ, ಯಾರೂ ಅದರ ಪಕ್ಕ ಕೂರದೇ ಇದ್ದಾರೆಯೋ. ನಲವತ್ತು ಮಕ್ಕಳನ್ನು ನೋಡುವ ಗುರುಗಳ ಕಣ್ಣು ತಪ್ಪಿಸಿಕೊಂಡ ಇಂಥ ವಿಷಯ ತಾಯಿಯ ಕಣ್ಣಿಗೆ ಬೀಳುತ್ತದೆ. ಯಾರು ಯಾರ ಪಕ್ಕ ಕೂರುತ್ತಾರೆಂಬ ಕೊನೆಯ ಎರಡು ವಿಷಯವನ್ನು ಬೇಕೆಂದೇ ಸೇರಿಸಿದ್ದೇನೆ. ಜಾತಿ, ಬಡತನ, ತಂದೆಯಿಲ್ಲದ ಮನೆ ಎಂಬ ಕಾರಣಕ್ಕೆ ಮಗು ಒಂಟಿಯಾಗುವುದು ಪ್ರಗತಿ ಪತ್ರದಲ್ಲಿ ಬರುವುದಿಲ್ಲ.

ಶಿಕ್ಷಕರ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಈಗಾಗಲೇ ಶಿಕ್ಷಣ ಇಲಾಖೆಯ ಸಿಆರ್‌ಪಿ, ಬಿಆರ್‌ಪಿ, ಇಸಿಒ, ಬಿಇಒ, ಡಯಟ್‌ನವರು ಬಂದು ನೋಡಿ ಹೋಗುತ್ತಾರೆ, ಇನ್ನು ಊರಿನವರೂ ತಪಾಸಣೆಗೆ ಬರಬೇಕೇ ಎಂದು ನೀವು ಕೇಳಬಹುದು. ಊರಿನ ಪಕ್ಷಗಳ ಜಗಳ, ಪಂಚಾಯಿತಿ ಚುನಾವಣೆಯ ಸೇಡು ಸಾಲಿಯ ಅಂಗಳಕ್ಕೆ ಬಂದು ಮುಟ್ಟಿದ್ದನ್ನು ಕಂಡವರು ನೀವು. ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ, ಹಿಂದೆಮುಂದೆ ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರೆ ಒಬ್ಬ ಶಿಕ್ಷಕಿಯ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಈ ಭಯ ನಿಜವಾದದ್ದು. ಆದ್ದರಿಂದಲೇ ಭೇಟಿಗೆ ಕಟ್ಟುನಿಟ್ಟಾದ ಕ್ರಮ ಇರಬೇಕು, ಮತ್ತು ಆ ಕ್ರಮವನ್ನು ಎಸ್‌ಡಿಎಂಸಿ ತಾನೇ ಠರಾವು ಮಾಡಿ ಎತ್ತಿ ಹಿಡಿಯಬೇಕು. ಆ ತರಗತಿಯಲ್ಲಿ ಮಗುವಿರುವ ಮನೆಯವರಿಗೆ ಮಾತ್ರ ಪ್ರವೇಶ. ಊರಿನ ಮುಖಂಡರಿಗೆ, ಆ ತರಗತಿಯಲ್ಲಿ ಮಕ್ಕಳಿಲ್ಲದ ಎಸ್‌ಡಿಎಂಸಿ ಸದಸ್ಯರಿಗೆ, ಪತ್ರಕರ್ತರಿಗೆ ಇಲ್ಲ. ಬಂದವರ ಹೆಸರು ಪುಸ್ತಕದಲ್ಲಿ ದಾಖಲಾಗಬೇಕು. ಮೊಬೈಲು ಆಫೀಸು ಕೋಣೆಯಲ್ಲಿ ಬಿಟ್ಟು ಬರಬೇಕು. ಒಂದು ಅವಧಿಗೆ ನಾಲ್ಕೈದು ಜನಕ್ಕಿಂತ ಹೆಚ್ಚು ಬೇಡ. ಪಾಠದ ನಡುವೆ ಮಾತಿಲ್ಲ, ಮಗುವನ್ನು ಎಬ್ಬಿಸಿ ಕೇಳುವಂತಿಲ್ಲ, ಬೇರೆ ಮಗುವಿನ ಬಗ್ಗೆ ಹೊರಗೆ ಮಾತಾಡುವಂತಿಲ್ಲ. ಗುರುಗಳ ಬಗ್ಗೆ ದೂರಿದ್ದರೆ ಅದಕ್ಕೆ ಬೇರೆ ವೇದಿಕೆಯಿದೆ, ಈ ಭೇಟಿಯನ್ನು ಅದಕ್ಕೆ ಬಳಸಕೂಡದು. ಇಷ್ಟು ಕಟ್ಟುಪಾಡಿನೊಳಗೆ ಬಂದ ತಾಯಿ ತಪಾಸಣೆಗೆ ಬಂದವಳಲ್ಲ. ತಪಾಸಣೆಯ ಅಧಿಕಾರಿ ವರದಿ ಬರೆಯುತ್ತಾನೆ. ಅವಳು ಮನೆಗೆ ಹೋಗಿ ಮಗುವಿನೊಂದಿಗೆ ಮಾತಾಡುತ್ತಾಳೆ.

ಭೇಟಿಯ ದಿನಕ್ಕೆಂದು ವಿಶೇಷ ಪಾಠ ತಯಾರಿಸಿಡುವ ಆಸೆ ಸಹಜ. ಅದನ್ನು ಬಿಡಿ ಎಂದು ಬೇಡಿಕೊಳ್ಳುತ್ತೇನೆ. ರಂಗೋಲಿ, ಹಾರ, ಬಾಯಿಪಾಠ ಮಾಡಿಸಿದ ಉತ್ತರಗಳು ಇದ್ದರೆ ಅದು ಇನ್ನೊಂದು ಸ್ನೇಹ ಸಮ್ಮೇಳನವಾಗುತ್ತದೆ, ಜಾಣ ಮಕ್ಕಳು ಮುಂದೆ ಬಂದು ಹಿಂದಿನವರು ಇನ್ನೂ ಹಿಂದಕ್ಕೆ ಸರಿಯುತ್ತಾರೆ. ಎಂದಿನ ಪಾಠ ಎಂದಿನಂತೆ ನಡೆಯಲಿ. ಮಕ್ಕಳು ಗದ್ದಲ ಮಾಡಲಿ, ಒಂದು ಮಗು ಉತ್ತರ ತಪ್ಪು ಹೇಳಲಿ, ಗುರುಗಳು ಅದನ್ನು ಹೇಗೆ ತಿದ್ದುತ್ತಾರೆಂದು ಪಾಲಕರು ನೋಡಲಿ. ಬೈಯದೆ, ಹೊಡೆಯದೆ ತಿದ್ದುವುದನ್ನು ಕಣ್ಣಾರೆ ಕಂಡವರಿಗೆ ಮನೆಯಲ್ಲಿಯೂ ಅದು ಸಾಧ್ಯ ಎಂದು ಅನಿಸಬಹುದು. ಪಾಠ ಮುಗಿದ ಮೇಲೆ ಹದಿನೈದು ನಿಮಿಷ ವರಾಂಡದಲ್ಲಿ ಕುಳಿತು ಮಾತಾಡಿ. ‘ನೀವು ಏನು ನೋಡಿದಿರಿ?’ ಎಂದು ನೀವು ಮೊದಲು ಕೇಳಿ, ಆಮೇಲೆ ಮನೆಯಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸ ಹೇಳಿ ಕಳಿಸಿ: ಈ ವಾರ ಅಂಗಡಿಯ ಸಾಮಾನಿನ ಲೆಕ್ಕ ಮಗಳಿಂದ ಮಾಡಿಸಿ, ಬಸ್ಸಿನ ಬೋರ್ಡು ಓದಿಸಿ, ದಿನಾ ರಾತ್ರಿ ಸಾಲಿಯ ಪುಸ್ತಕದ ಒಂದು ಪುಟ ಓದಿಸಿ ಕೇಳಿಸಿಕೊಳ್ಳಿ. ಕೇಳಿಸಿಕೊಳ್ಳಲು ಅಕ್ಷರ ಬರಬೇಕೆಂದಿಲ್ಲ.

ಕೂಲಿಯ ಪ್ರಶ್ನೆ ಉಳಿಯಿತು. ಒಂದು ದಿನದ ಕೂಲಿ ಬಿಟ್ಟು ಬನ್ನಿ ಎಂದು ದುಡಿದು ತಿನ್ನುವವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದ ಸಮಯವನ್ನು ಅವರ ದುಡಿಮೆಗೆ ಹೊಂದಿಸಬೇಕು. ಶನಿವಾರ ಬೆಳಗಿನ ಸಾಲಿ ನಮ್ಮ ಕೈಲಿರುವ ದೊಡ್ಡ ಅನುಕೂಲ; ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಮುಂಚೆ ಮೊದಲ ಅವಧಿ ನೋಡಿ ಹೋಗಬಹುದು. ಎಲ್ಲ ತಾಲೂಕಿಗೂ ಒಂದೇ ತಾರೀಖು ಗೊತ್ತುಮಾಡುವುದು ಬೇಡ. ಮುಂಗಾರಿನ ಹೆಸರು ಬಿತ್ತಿ, ಕಳೆ ತೆಗೆಯುವ ಒತ್ತಡ ಇಳಿದ ಮೇಲೆ ಎರೆ ಹೊಲದ ಊರುಗಳಿಗೆ ಕೆಲವು ದಿನ ಬಿಡುವು ಸಿಗುತ್ತದೆ. ಎಂ.ಕೆ. ಹುಬ್ಬಳ್ಳಿಯ ಸುತ್ತಿನ ಕಬ್ಬಿನ ಊರುಗಳಲ್ಲಿ ಕಾರ್ಖಾನೆ ಶುರುವಾಗುವ ಮುಂಚೆಯೇ ಮುಗಿಸಬೇಕು, ಕಟಾವಿಗೆ ಇಳಿದ ಮೇಲೆ ಯಾರೂ ಸಿಗುವುದಿಲ್ಲ. ಸವದತ್ತಿಯ ಕಡೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಯಲ್ಲಮ್ಮನ ಜಾತ್ರೆಯ ದಿನಗಳನ್ನು ಬಿಡಬೇಕು. ಕಿತ್ತೂರಿನವರು ಅಕ್ಟೋಬರ್ 23ರಿಂದ 25ರ ಉತ್ಸವ ಕಳೆದ ಮೇಲೆ ಇಟ್ಟುಕೊಳ್ಳಬಹುದು. ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರ ಮಕ್ಕಳಿಗೆ ಅಜ್ಜ-ಅಜ್ಜಿಯೇ ಪಾಲಕರು, ಅವರನ್ನೇ ಕರೆಯಿರಿ. ತಾಯಿಯೊಬ್ಬಳೇ ಸಾಕುತ್ತಿರುವ ಮನೆಗೆ ‘ತಂದೆಯ ಸಹಿ’ ಎಂದು ಬರೆದ ಚೀಟಿ ಹೋಗಬಾರದು. ಯಾರೂ ಬರಲಾಗದ ಮಗು ಅಂದು ಒಂಟಿಯಾಗದಂತೆ, ಬಂದ ಹಿರಿಯರೊಬ್ಬರು ಅದರ ಪಕ್ಕದಲ್ಲಿ ಕೂರಲಿ.

ಬಾಗಿಲು ತೆರೆದರೆ ಕೊರತೆಗಳೂ ಕಾಣುತ್ತವೆ ಎಂಬುದು ನಿಮಗೆ ಗೊತ್ತು. ಖಾಲಿ ಬಿದ್ದ ಹುದ್ದೆ, ಅತಿಥಿ ಶಿಕ್ಷಕರ ಅನಿಶ್ಚಿತತೆ, ಒಬ್ಬ ಗುರುಗಳು ಎರಡು ಕೋಣೆ ಓಡಾಡಿ ಸಂಭಾಳಿಸುವುದು, ನಡುವೆ ಸಮೀಕ್ಷೆ, ಚುನಾವಣಾ ಕೆಲಸ, ಆನ್‌ಲೈನ್ ಮಾಹಿತಿ ತುಂಬುವ ಗಡಿಬಿಡಿ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು ಎಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಈ ಕೊರತೆಗಳನ್ನೆಲ್ಲ ಪಾಲಕರಿಂದ ಮುಚ್ಚಿಡುವುದರಿಂದ ಶಿಕ್ಷಕರಿಗೆ ಲಾಭವೇನೂ ಆಗಿಲ್ಲ; ವ್ಯವಸ್ಥೆಯ ಕೊರತೆಗೆ ಅವರೇ ಬೈಸಿಕೊಂಡಿದ್ದಾರೆ. ಒಂದು ಅವಧಿ ಕುಳಿತು ನೋಡಿದ ಇಪ್ಪತ್ತು ಪಾಲಕರು ಬಿಇಒ ಆಫೀಸಿಗೆ ಹೋಗಿ ‘ನಮ್ಮ ಸಾಲಿಗೆ ಇನ್ನೊಬ್ಬ ಮಾಸ್ತರರನ್ನು ಕೊಡಿ’ ಎಂದು ಕೇಳುವುದಕ್ಕೂ, ಮುಖ್ಯಗುರುಗಳು ಅದನ್ನೇ ಪತ್ರದಲ್ಲಿ ಬರೆಯುವುದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಈ ಸೀಮೆಯ ಜನ ವಿದ್ಯೆಗೆ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯೆಗಾಗಿ ಬಿಟ್ಟುಹೋದರು. ಎಷ್ಟೋ ಊರುಗಳಲ್ಲಿ ಸಾಲಿಗೆ ಜಾಗ ಕೊಟ್ಟವರು, ಕೋಣೆ ಕಟ್ಟಿಸಿದವರು ಇದ್ದಾರೆ. ಕೊಡಿ ಎಂದಾಗಲೆಲ್ಲ ಊರು ಕೊಟ್ಟಿದೆ. ಒಳಗೆ ಬಂದು ನೋಡಿ ಎಂದು ಮಾತ್ರ ನಾವು ಊರನ್ನು ಕರೆದಿಲ್ಲ.

ಇದಕ್ಕೆ ಹೊಸ ಆದೇಶ ಬರಬೇಕಿಲ್ಲ, ಅನುದಾನವೂ ಬೇಡ. ಕಾಯ್ದೆಯ 22ನೇ ಕಲಮಿನಂತೆ ಶಾಲಾ ಅಭಿವೃದ್ಧಿ ಯೋಜನೆಯನ್ನು ಎಸ್‌ಡಿಎಂಸಿಯೇ ಬರೆಯುತ್ತದೆ. ಅದರಲ್ಲಿ ತರಗತಿ ಭೇಟಿಗೆ ಒಂದು ಪುಟ ಸಾಕು. ಒಂದು ಸಾಲಿಯ ಎಲ್ಲ ತರಗತಿ ಒಮ್ಮೆಗೇ ಆಗದಿದ್ದರೆ ನಲಿ-ಕಲಿ ಕೋಣೆಯೊಂದರಿಂದಲೇ ಶುರು ಮಾಡಿ, ಯಾಕೆಂದರೆ ಅಪನಂಬಿಕೆ ಹುಟ್ಟುವುದು ಅಲ್ಲಿ, ಮಗುವನ್ನು ಬಿಡಿಸಿಕೊಂಡು ಹೋಗುವುದೂ ಆ ವಯಸ್ಸಿನಲ್ಲೇ. ಸಿದ್ಧರಿರುವ ಒಬ್ಬ ಶಿಕ್ಷಕರ ತರಗತಿ ಸಾಕು, ಒತ್ತಾಯ ಯಾರಿಗೂ ಬೇಡ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಅವರು ತಮ್ಮ ಅನುಭವ ಹೇಳಿದರೆ ಉಳಿದವರು ತಾವೇ ನಿರ್ಧರಿಸುತ್ತಾರೆ. ಮಣ್ಣೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರು (ಡಯಟ್) ಈ ನಾಲ್ಕೂ ಕಡೆಯ ಕೆಲವು ಸಾಲಿಗಳಲ್ಲಿ ಒಂದು ವರ್ಷ ಇದನ್ನು ಗಮನಿಸಿ, ಹಾಜರಿ ಮತ್ತು ಓದಿನಲ್ಲಿ ಆದದ್ದನ್ನೂ ಆಗದ್ದನ್ನೂ ಬರೆದಿಟ್ಟರೆ ಮುಂದಿನವರಿಗೆ ನನ್ನ ವಾದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದಯವಿಟ್ಟು ಮುಂದಿನ ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ. ತರಗತಿ ಯಾವುದು, ಶನಿವಾರ ಯಾವುದು, ಮೊದಲ ನಾಲ್ಕು ಮನೆ ಯಾವುವು ಎಂದು ಅದೇ ಸಭೆಯಲ್ಲಿ ಬರೆದು ಸಹಿ ಮಾಡಿ, ಮತ್ತು ಆ ನಾಲ್ಕು ಮನೆಗೆ ಚೀಟಿ ಕಳಿಸುವ ಬದಲು ನೀವೇ ಹೋಗಿ ಕರೆಯಿರಿ.

ಇಂತಿ ನಿಮ್ಮ ಸಾಲಿಗಳ ಹಿತ ಬಯಸುವ,
ಓರ್ವ ನಾಗರಿಕ